ಕಾರ್ಬ್ಯುರೇಟರಿಗೆ ಚೊಗರು

ನನ್ನ ತಲೆ ಡ್ರಮ್ಮಿನೊಳಗಿತ್ತು.

ಮೂಗಿನ ತುದಿಗೂ ಚೊಗರಿಗೂ ನಡುವೆ ಒಂದು ಬೆರಳು ಜಾಗ. ಚೊಗರು ಗೊತ್ತಲ್ಲ ನಿಮಗೆ? ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ಕಷಾಯ. ಅಡಿಕೆಗೆ ಬಣ್ಣ ಹಿಡಿಯಲಿ ಅಂತ ಅದನ್ನೇ ಹಚ್ಚಿ ಒಣಗಿಸುತ್ತಾರೆ. ಹೊಸದಾದರೆ ಪರವಾಗಿಲ್ಲ. ಇದು ಹಿಂದಿನ ಕೊಯ್ಲಿನದು. ಮೇಲೆ ಬೂಷ್ಟಿನ ಕೆನೆ. ಕೆನೆಯ ಮೇಲೆ ಒಂದು ಸತ್ತ ಜಿರಳೆ, ಮಗುಚಿದ ದೋಣಿಯ ಹಾಗೆ… ಅರಬೈಲ್ ಘಾಟನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿಳಿದವನು ನಾನು. ಇಂಥ ಘಾಟು ಮಾತ್ರ ಎಲ್ಲೂ ಕಂಡಿರಲಿಲ್ಲ.

ಕುತ್ತಿಗೆಯ ಮೇಲೆ ಒಂದು ಕೈ. ಮೆತ್ತಗಿನ, ಉಂಗುರ ತೊಟ್ಟ ಕೈ. ನಂದನ ಹೆಗಡೆಯದು.

"ಉಸ್ರು ಎಷ್ಟು ಹೊತ್ತು ಹಿಡಿಯಲೆ ಆಗ್ತು ನಿಂಗೆ?" ಎಂದ ಅವನು, ಊಟಕ್ಕೆ ಕರೆಯುವಷ್ಟು ಮೃದುವಾಗಿ.

ಉತ್ತರ ಹೇಳಲು ಬಾಯಿ ತೆರೆಯಬೇಕು. ತೆರೆದರೆ ಜಿರಳೆ.

ಇಲ್ಲಿಗೆ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ. ತಲೆ ಅಲ್ಲೇ ಇರಲಿ. ಸದ್ಯಕ್ಕೆ ಅದು ಎಲ್ಲೂ ಹೋಗುವ ಹಾಗಿಲ್ಲ.

ಶಿರಸಿಯಲ್ಲಿ ನನ್ನದೊಂದು ಅಂಗಡಿ ಇದೆ. ಬೋರ್ಡಿನ ಮೇಲೆ 'ಪ್ರಥಮ ಚಿಕಿತ್ಸೆ' ಅಂತ ಬರೆಸಿದ್ದೇನೆ. ಪ್ರಥಮ ನಾನು. ಚಿಕಿತ್ಸೆ ಹಳೇ ಕಾರುಗಳಿಗೆ. ಆದರೂ ಮೊಣಕಾಲು ತರಚಿಕೊಂಡವರು ಬಂದು ಟಿಂಚರ್ ಕೇಳುತ್ತಾರೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಬಹುಮಾನ ಬಂದದ್ದು ಮಿಮಿಕ್ರಿಗೆ. ಒಮ್ಮೆ ಪ್ರಿನ್ಸಿಪಾಲರ ದನಿಯಲ್ಲಿ ಮೈಕು ಹಿಡಿದು ಇಡೀ ಕಾಲೇಜಿಗೆ ರಜೆ ಕೊಟ್ಟಿದ್ದೆ. ನನಗೂ ಕೊಟ್ಟರು, ಒಂದು ವಾರ.

ಎರಡೂ ವಿದ್ಯೆ ಕೆಲಸಕ್ಕೆ ಬಂದವು. ಗಿರಾಕಿಗಳು ಫೋನಿನಲ್ಲಿ ಇಂಜಿನ್ನಿನ ರೋಗ ವಿವರಿಸಲು ಒದ್ದಾಡುವಾಗ ನಾನೇ ಕೆಮ್ಮಿ ತೋರಿಸುತ್ತೇನೆ. 'ಗುಡುಗುಡು… ಫಟ್' ಅಂದರೆ ಪೆಟ್ರೋಲು ಸಾಲುತ್ತಿಲ್ಲ, ಪೆಟ್ರೋಲು ಚಿಮ್ಮುವ ಜೆಟ್ಟಿನಲ್ಲಿ ಕಸ ಕಟ್ಟಿದೆ. 'ಗಳಗಳ… ಬುಸ್' ಅಂದರೆ ಹೆಚ್ಚಾಗಿ ಉಕ್ಕುತ್ತಿದೆ, ಪೆಟ್ರೋಲಿನ ಮೇಲೆ ತೇಲಬೇಕಾದ ಫ್ಲೋಟು ತೂತಾಗಿ ಮುಳುಗಿದೆ. ಅವರು "ಹ್ಞಾಂ, ಎರಡನೇದು!" ಅನ್ನುತ್ತಾರೆ. ಅರ್ಧ ರಿಪೇರಿ ಅಲ್ಲಿಗೆ ಮುಗಿಯಿತು. ಉಳಿದರ್ಧ ಕಾರಿನದಲ್ಲ, ಕಾರಿನವರದು. ನಕಲಿಯನ್ನು ಒರಿಜಿನಲ್ ಅಂತ ಮಾರಿದವನು, ಕೊಂಡು ಮೂರ್ಖನಾದವನು, ಇಬ್ಬರ ನಡುವೆ ಕುಳಿತು ಸುಳ್ಳು ಬಿಚ್ಚುವವನು ನಾನು. ಗ್ರೀಸು ಸೀಮೆಎಣ್ಣೆಗೆ ಹೋಗುತ್ತದೆ. ಜನರ ಜಿಡ್ಡು ಯಾವುದಕ್ಕೂ ಹೋಗುವುದಿಲ್ಲ.

ಈ ಸಲ ಬಂದವಳು ಶಿವರಂಜನಿ. ಬನವಾಸಿ ಕಡೆಯವಳು. ಬಟ್ಟೆ ಅಂಗಡಿಯಲ್ಲಿ ಕೆಲಸ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಅಣ್ಣ ಆನಂದ, ಉಲ್ಲಾಸ ಹೆಗಡೆಯವರ ಕಾರಿನ ಡ್ರೈವರು. ಐವತ್ತಾರನೇ ಇಸವಿಯ ಕರೀ ಲ್ಯಾಂಡ್‌ಮಾಸ್ಟರ್. ಹೆಗಡೆಯವರು ಅಂಕೋಲೆಯ ಒಂದು ಮದುವೆ ಮುಗಿಸಿ, ವಜ್ರಳ್ಳಿಯ ನೆಂಟರ ಮನೆಗೆಂದು ಅರಬೈಲ್ ಘಾಟ್ ಹತ್ತುತ್ತಿದ್ದರು. ಏರು ಮುಗಿದು ಸಣ್ಣದೊಂದು ಇಳಿತ, ಅದರ ತುದಿಗೆ ತಿರುವು. ಕಾರು ತಿರುಗಲಿಲ್ಲ. ನೇರ ಕಂದಕಕ್ಕೆ ಹಾರಿತು. ಬಾಗಿಲು ಕಿತ್ತುಹೋಗಿ ಆನಂದ ಹೊರಗೆ ಬಿದ್ದ, ಕಾಲು ಮುರಿಯಿತು. ಹೆಗಡೆಯವರು ಕಾರಿನ ಜೊತೆಗೇ ಹೋದರು.

ಸತ್ತವರ ತಮ್ಮ ನಂದನ ಹೆಗಡೆ ಪೊಲೀಸರಿಗೆ ಬೇರೆಯೇ ಕತೆ ಹೇಳಿದ. ಡ್ರೈವರಿಗೆ ಮಾಲೀಕನ ಮೇಲೆ ಸಿಟ್ಟಿತ್ತು, ಬೇಕಂತಲೇ ಕಾರು ಬಿಟ್ಟು ತಾನು ಹಾರಿಕೊಂಡ ಅಂತ. ವಾಹನ ಪರೀಕ್ಷೆ ಮಾಡಿದ ಅಧಿಕಾರಿ ಕಾರಿನಲ್ಲಿ ಯಾವ ದೋಷವೂ ಇಲ್ಲ ಎಂದು ಬರೆದರು. ಅಲ್ಲಿಗೆ ಅಪಘಾತ ಹೋಗಿ ಕೊಲೆಯಾಯಿತು. ಆನಂದ ಕಾಲಿಗೆ ಪ್ಲಾಸ್ಟರು, ಬಾಗಿಲಿಗೆ ಪೊಲೀಸು ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿಂದ ಸೀದಾ ಜೈಲು.

"ನಮ್ಮಣ್ಣ ಸುಳ್ಳು ಹೇಳಾಂವ ಅಲ್ರೀ," ಎಂದಳು ಶಿವರಂಜನಿ. "ಪೆಡಲ್ ಮ್ಯಾಗಿಂದ ಕಾಲು ತಗದೆ, ಗಾಡಿ ಮಾತ್ರ ಕೇಳಲಿಲ್ಲ ಅಂತಾನ. ಬ್ರೇಕು ಹಾಕೇ ಹಾಕ್ಯಾನ. ಇಂಜಿನ್ ಎಳಕೊಂತನ ಹೋತಂತ."

"ಕೀ ಆಫ್ ಮಾಡಬಹುದಿತ್ತಲ್ಲ?"

"ಆಫ್ ಮಾಡಾಕ ಸ್ಟೇರಿಂಗ್ ಬಿಡಬೇಕಲ್ರೀ. ತಿರುವಿನ್ಯಾಗ ನೀವು ಬಿಡ್ತಿದ್ರೇನು?"

ನಾನೂ ಬಿಡುತ್ತಿರಲಿಲ್ಲ. ಕೇಸು ಹಿಡಿದೆ.

ಹಿಡಿಯಲು ಇನ್ನೊಂದು ಕಾರಣವಿತ್ತು. ಆ ಕಾರಿನ ಕಾರ್ಬ್ಯುರೇಟರ್, ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕುಡಿಸುವ ಭಾಗ, ನನಗೆ ಹಳೇ ಪರಿಚಯ. ಹಿಂದೊಮ್ಮೆ ಅದು ಸುಮ್ಮನೆ ನಿಂತಾಗಲೂ ಏದುಸಿರು ಬಿಡುತ್ತಿತ್ತು. ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ ಇದೆಯಲ್ಲ, ಸ್ಪಿಂಡಲ್ಲು, ಅದರ ತೂತು ಸವೆದು ಕಳ್ಳಗಾಳಿ ಒಳಗೆ ನುಗ್ಗುತ್ತಿತ್ತು. ತೂತು ದೊಡ್ಡದು ಮಾಡಿ ಗನ್‌ಮೆಟಲಿನ ಬುಶ್, ಅಂದರೆ ಒಂದು ಪುಟ್ಟ ಬಳೆ, ಕೂರಿಸಿ ಕೊಟ್ಟಿದ್ದೆ. ಉಲ್ಲಾಸ ಹೆಗಡೆಯವರು ಪಕ್ಕದಲ್ಲೇ ಸ್ಟೂಲು ಹಾಕಿ ಕೂತು, ಎಲೆಯಡಿಕೆಯ ಕವಳ ಜಗಿಯುತ್ತ, ಪ್ರತಿ ಮಾತಿಗೂ ಮುಂಚೆ ಗಂಟಲು ಕೆರೆದು, "ಹ್ಞೂಂ… ಅದೆಂತು ಅಂದ್ರೆ…" ಎನ್ನುತ್ತ ಇಡೀ ದಿನ ಮಾತಾಡಿದ್ದರು. ಅವರು ಹೋದ ಮೇಲೆ ಅವರ ದನಿ ನನ್ನ ಗಂಟಲಲ್ಲೇ ಉಳಿದಿತ್ತು. ನನಗೆ ಹಾಗೇ, ದನಿಗಳು ಅಂಟಿಕೊಳ್ಳುತ್ತವೆ.

ತನುಜಾ ನನ್ನ ಕಾಲೇಜಿನ ಗೆಳತಿ, ಈಗ ಲಾಯರು. ಆನಂದನ ಪರವಾಗಿ ಅವಳು ಕೋರ್ಟಿನ ಅನುಮತಿ ತಂದಳು. ಯಲ್ಲಾಪುರದ ಪೊಲೀಸ್ ಠಾಣೆಯ ಹಿಂದೆ, ನಜ್ಜುಗುಜ್ಜಾದ ಲ್ಯಾಂಡ್‌ಮಾಸ್ಟರಿನ ಬಾನೆಟ್ ಎತ್ತಿದೆ. ಜೊತೆಗೆ ಕಾವಲಿಗೊಬ್ಬ ಕಾನ್‌ಸ್ಟೇಬಲ್, ಕೈಯಲ್ಲಿ ಗೋಳಿಬಜೆ ಪೊಟ್ಟಣ.

ಕಾರ್ಬ್ಯುರೇಟರ್ ಬಿಚ್ಚಿದೆ. ಗಂಟೆಯಂಥ ಟೋಪಿ ತೆಗೆದು, ಒಳಗಿನ ಪಿಸ್ಟನ್ ಎತ್ತಿ ಬಿಟ್ಟೆ. 'ಟಕ್' ಅಂತ ಚೆನ್ನಾಗಿ ಕೂತಿತು. ಜೆಟ್ಟು ಸ್ವಚ್ಛ. ಫ್ಲೋಟು ಅಲ್ಲಾಡಿಸಿದರೆ ಒಳಗೆ ಪೆಟ್ರೋಲಿನ ಸದ್ದಿಲ್ಲ. ಪೆಡಲು ಎಳೆಯುವ ಲಿವರ್ ಒತ್ತಿ ಬಿಟ್ಟರೆ ಚಿಮ್ಮಿ ವಾಪಸು. ಅಧಿಕಾರಿ ಬರೆದದ್ದು ನಿಜ. ಇದರಲ್ಲಿ ಒಂದೇ ಒಂದು ದೋಷವಿರಲಿಲ್ಲ.

ದೋಷವಿಲ್ಲದ್ದೇ ದೋಷ! ಸ್ಪಿಂಡಲ್ ಹಿಡಿದು ಅಲ್ಲಾಡಿಸಿದೆ. ಬಿಗಿಯಾಗಿತ್ತು. ತೂತಿಗೆ ಟಾರ್ಚು ಬಿಟ್ಟೆ.

ನನ್ನ ಬುಶ್ ಇರಲಿಲ್ಲ. ಇದು ಬೇರೆಯೇ ಕಾರ್ಬ್ಯುರೇಟರ್, ಹೊಚ್ಚ ಹೊಸದು.

ಮೈಮೇಲೆ ಮಾತ್ರ ಅಜ್ಜನ ಚರ್ಮ. ಮೂಲೆ ಮೂಲೆಯಲ್ಲಿ ಕಂದು ಅಂಟು. ಹಳೇ ಪೆಟ್ರೋಲು ಒಣಗಿದರೆ ಇಂಥದೇ ಅಂಟು ಹಿಡಿಯುತ್ತದೆ, ಅದು ಸರಿ. ಆದರೆ ಪೆಟ್ರೋಲಿನ ಅಂಟು ಥಿನ್ನರಿಗೆ ಕರಗಬೇಕು, ನೀರಿಗೆ ಜಗ್ಗಬಾರದು. ಬಟ್ಟೆಗೆ ಥಿನ್ನರ್ ಹಾಕಿ ಉಜ್ಜಿದೆ. ಜಗ್ಗಲಿಲ್ಲ. ಬಾಟಲಿಯ ನೀರು ಹಾಕಿ ಉಜ್ಜಿದೆ. ಬಟ್ಟೆ ಕೆಂಪಾಯಿತು. ಅಡಿಯಲ್ಲಿ ಫಳಫಳ ಹೊಸ ಲೋಹ.

ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ಹೇಸಿಗೆ. ಫ್ಲೋಟಿನ ಬಟ್ಟಲನ್ನು ನೆಕ್ಕಿದೆ.

ಕಾನ್‌ಸ್ಟೇಬಲ್ ಗೋಳಿಬಜೆ ಜಗಿಯುವುದನ್ನು ನಿಲ್ಲಿಸಿದ. "ಎಂತ ಸರ್ ಅದು?"

"ಉಪ್ಪು ಕಡಿಮೆ," ಎಂದೆ.

ನಾಲಿಗೆ ಮುದುಡಿತು. ಒಗರು! ಕೆನ್ನೆಯ ಒಳಗೋಡೆ ಎಳೆದು ಹಿಡಿಯುವ ಒಗರು. ಈ ಸೀಮೆಯಲ್ಲಿ ಹುಟ್ಟಿದ ಯಾವ ನಾಲಿಗೆಗೂ ಅದನ್ನು ಪರಿಚಯಿಸಬೇಕಿಲ್ಲ. ಅಡಿಕೆಯ ಚೊಗರು.

ಯಾರೋ ಹೊಸ ನಕಲಿ ಕಾರ್ಬ್ಯುರೇಟರಿಗೆ ಚೊಗರು ಹಚ್ಚಿ, ಬಿಸಿಲಿಗೆ ಒಣಗಿಸಿ, ಮುದುಕನನ್ನಾಗಿ ಮಾಡಿದ್ದರು. ಬೇರೆ ಊರಿನ ಕಳ್ಳನಾದರೆ ಕರಿ ಆಯಿಲ್ ಬಳಿಯುತ್ತಿದ್ದ. ಇವನ ಕೈಗೆ ಮೊದಲು ಸಿಕ್ಕಿದ್ದು ಚೊಗರು. ಚೊಗರು ಕೈಗೆಟುಕುವಷ್ಟು ಹತ್ತಿರ ಇರುವವನು ಯಾರು?

ಉಲ್ಲಾಸ, ನಂದನ ಇಬ್ಬರದೂ ಸೇರಿ ಅಡಿಕೆ ವ್ಯಾಪಾರ. ಕೋಲಸಿರ್ಸಿಯಲ್ಲಿ ಬೇಯಿಸುವ, ಬಣ್ಣ ಕಟ್ಟುವ ಶೆಡ್ಡು. ತನುಜಾ ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನಂದನ ಹೊರದೇಶದ ಹುಳ ಹಿಡಿದ ಅಡಿಕೆ ಕದ್ದು ತರಿಸಿ, ಚೊಗರಿನಲ್ಲಿ ಅದ್ದಿ, ನಮ್ಮೂರ ಕೆಂಪಡಿಕೆ ಅಂತ ಸಾಗಿಸುತ್ತಿದ್ದ. ಜನ ಬಾಯಿಗೆ ಹಾಕಿಕೊಳ್ಳುವ ವಸ್ತು! ಅಣ್ಣನಿಗೆ ಗೊತ್ತಾಯಿತು. ಮದುವೆ ಮುಗಿಸಿ ಬಂದವನೇ ಅಧಿಕಾರಿಗಳನ್ನು ಶೆಡ್ಡಿಗೆ ಕರೆತರುತ್ತೇನೆ ಎಂದಿದ್ದರು. ಬರಲಿಲ್ಲ.

ಹಳೇ ಅಡಿಕೆಗೆ ಹೊಸ ಬಣ್ಣ. ಹೊಸ ಕಾರ್ಬ್ಯುರೇಟರಿಗೆ ಹಳೇ ಬಣ್ಣ. ಒಂದೇ ಡ್ರಮ್ಮು. ಥೂ!

ಬಣ್ಣ ಬಳಿದದ್ದು ಕೊಲೆಗೆ ಸಾಕ್ಷಿಯಾಗುವುದಿಲ್ಲ ಎಂದಳು ತನುಜಾ. ಒರಿಜಿನಲ್ ಬೇಕು. ಅದು ಸಿಗುವ ದಾರಿ ಒಂದೇ: ರಾಘು. ಯಲ್ಲಾಪುರದಲ್ಲಿ ಗ್ಯಾರೇಜು ಇಟ್ಟವನು. ಮದುವೆಗೆ ಹೋಗುವಾಗ ಕಾರಿನ ಸರ್ವಿಸು ಮಾಡಿದ್ದು ಅವನೇ. ಕಂದಕದಿಂದ ಎತ್ತಿದ ಕಾರು ಠಾಣೆಗೆ ಹೋಗುವ ಮೊದಲು ನಿಂತದ್ದೂ ಅವನ ಅಂಗಳದಲ್ಲೇ. ಕಾರ್ಬ್ಯುರೇಟರ್ ಬದಲಾದದ್ದು ಅಲ್ಲೇ ಇರಬೇಕು.

ನಾನು ನನ್ನ ಕಾರಿನಲ್ಲಿ ಸಿದ್ದಾಪುರ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತೆ. ಅಲ್ಲಿಂದ ಶೆಡ್ಡು ಹತ್ತಿರ. ಮಧ್ಯಾಹ್ನ ನಂದನ ಶಿರಸಿಯಲ್ಲಿ ವ್ಯಾಪಾರದಲ್ಲಿರುತ್ತಾನೆ ಅಂತ ಲೆಕ್ಕ. ಚಾ ಅಂಗಡಿಯವನ ಫೋನು ಇಸಿದುಕೊಂಡು, ಹಿಂದೊಮ್ಮೆ ಕೇಳಿದ್ದ ನಂದನನ ಬೆಣ್ಣೆ ದನಿಯನ್ನು ಗಂಟಲಿಗೆ ಸವರಿಕೊಂಡು, ರಾಘುಗೆ ಹಚ್ಚಿದೆ.

"ರಾಘೂ, ನಾನು ಮಾರಾಯಾ. ನನ್ನ ಫೋನ್ ಸತ್ತಿದೆ. ಆ ಹಳೇ ಸಾಮಾನು ಎಲ್ಲಿಟ್ಟಿದ್ದೆ ನೀನು?"

"ನಾನೆಲ್ಲಿ ಇಟ್ಟೆ ಹೆಗಡೇರೆ? ನೀವೇ ಅಲ್ವಾ ತಗೊಂಡು ಹೋಗಿ ಚೊಗರಿನ ಡ್ರಮ್ಮಿಗೆ ಹಾಕಿದ್ದು?"

ಆ ಕಡೆ ರಾಘು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮರುಕ್ಷಣ ಫೋನು ಕಟ್ಟಾಯಿತು.

ದನಿ ಸರಿಯಾಗಿತ್ತು. ಪ್ರಶ್ನೆ ತಪ್ಪಾಗಿತ್ತು. ಇಟ್ಟವನೇ ಎಲ್ಲಿಟ್ಟೆ ಅಂತ ಕೇಳಿದರೆ ಯಾವ ಕಳ್ಳನಾದರೂ ಎಚ್ಚೆತ್ತುಕೊಳ್ಳುತ್ತಾನೆ. ಈಗ ಅವನು ಅಸಲಿ ನಂದನನಿಗೆ ಹಚ್ಚುತ್ತಾನೆ. ತನುಜಾಗೆ ಫೋನು ಮಾಡಿದೆ. ಪೊಲೀಸರನ್ನು ಕರೆದುಕೊಂಡು ಕೋಲಸಿರ್ಸಿಗೆ ಬರುತ್ತೇನೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ ಎಂದಳು. ಮುಟ್ಟಲೇಬೇಕಾಗಿ ಬಂದರೆ ಮೊದಲಿಂದ ಕೊನೆವರೆಗೆ ವಿಡಿಯೋ ಮಾಡು ಎಂದಳು. ಅವಳಿಗೆ ನನ್ನ ಬುದ್ಧಿ ಗೊತ್ತು.

ಶೆಡ್ಡಿನಲ್ಲಿ ಆಳುಗಳಿರಲಿಲ್ಲ, ಊಟಕ್ಕೆ ಹೋಗಿದ್ದರು. ಒಂದು ಮೂಲೆಯಲ್ಲಿ ಹುಳ ಹಿಡಿದ ಅಡಿಕೆಯ ರಾಶಿ, ಮುಟ್ಟಿದರೆ ಹಿಟ್ಟು ಉದುರುವಂಥದು. ಇನ್ನೊಂದು ಮೂಲೆಯಲ್ಲಿ ಡ್ರಮ್ಮು. ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ ಅಂತ ಆಗ ಹೊಳೆಯಿತು. ಹಳೇ ಚೊಗರನ್ನು ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ. ಮುಂದಿನ ಕೊಯ್ಲಿನ ಹೊಸ ಚೊಗರಿಗೆ ಇದನ್ನೇ ಬೆರೆಸುತ್ತಾರೆ, ಬಣ್ಣ ಏರುತ್ತದೆ ಅಂತ. ಹೊಳೆಗೆ ಎಸೆದದ್ದು ಬೇಸಿಗೆಯಲ್ಲಿ ಎದ್ದು ಬರಬಹುದು. ಚೊಗರಿನ ಡ್ರಮ್ಮಿನ ತಳ ಕಂಡವರು ಮಾತ್ರ ಇಲ್ಲ.

ಫೋನನ್ನು ಹಂಡೆಗೆ ಒರಗಿಸಿ ವಿಡಿಯೋ ಶುರು ಮಾಡಿದೆ. ತೋಳು ಮಡಚಿದೆ. ಕೈ ಇಳಿಸಿದೆ.

ಮೊಣಕೈವರೆಗೆ ತಂಪು. ಅಲ್ಲಿಂದ ಕೆಳಗೆ ಲೋಳೆ. ಬೆರಳಿಗೆ ಏನೋ ಮೆತ್ತಗೆ ತಾಗಿತು, ಬಾಲವಿತ್ತು, ಬಿಟ್ಟೆ. ಭುಜದವರೆಗೆ ಇಳಿಸಿ, ಕೆನ್ನೆಯನ್ನು ಡ್ರಮ್ಮಿನ ಅಂಚಿಗೆ ಒತ್ತಿ ತಡಕಿದೆ. ಹೊಟ್ಟೆಯಲ್ಲಿದ್ದ ಬನ್ಸು ಬಾಯಿಗೆ ಬಂತು, ನುಂಗಿದೆ… ತಳದಲ್ಲಿ ತಣ್ಣಗಿನ ಲೋಹ. ಎಳೆದೆ.

ನನ್ನ ಬುಶ್ ಹಲ್ಲು ಬಿಟ್ಟು ನಕ್ಕಿತು!

ಲಿವರನ್ನು ಫೋನಿನ ಎದುರು ಹಿಡಿದೆ. ಚೊಗರು ಎಲ್ಲವನ್ನೂ ತಿಂದುಹಾಕುತ್ತದೆ ಅಂತ ನಂದನ ನಂಬಿದ್ದ. ಅದು ಉಕ್ಕನ್ನು ತಿನ್ನುವುದಿಲ್ಲ, ಶಾಯಿಯ ಹಾಗೆ ಕಪ್ಪು ಮಾಡುತ್ತದೆ ಅಷ್ಟೆ. ಉಕ್ಕಿನ ಲಿವರ್ ಕಡುಕಪ್ಪಾಗಿತ್ತು. ಅದರ ಒಳಬದಿಯಲ್ಲಿ, ಇರಬಾರದ ಜಾಗದಲ್ಲಿ, ಬೆಸುಗೆಯ ಒಂದೇ ಒಂದು ಹನಿ. ಅದು ಮಾತ್ರ ಬೆಳ್ಳಿಯ ಹಾಗೆ ಬೆಳ್ಳಗೆ. ಚೊಗರಿಗೆ ಹಾಕದೆ ಹಾಗೆಯೇ ಬಿಟ್ಟಿದ್ದರೆ ಕೊಳೆಯಲ್ಲಿ ನನ್ನ ಕಣ್ಣಿಗೂ ಬೀಳುತ್ತಿರಲಿಲ್ಲ.

ಪೆಡಲ್ ಅರ್ಧ ಒತ್ತಿದರೆ ಆ ಹನಿ ಕಾರ್ಬ್ಯುರೇಟರಿನ ಅಂಚಿನ ಈಚೆಗೇ ಆಡುತ್ತದೆ. ಪೂರ್ತಿ ಒತ್ತಿದರೆ ದಾಟಿ ಆಚೆ ಬೀಳುತ್ತದೆ, ಸಿಕ್ಕಿಕೊಳ್ಳುತ್ತದೆ. ಕಾಲು ತೆಗೆದರೂ ವಾಪಸಿಲ್ಲ. ಊರೊಳಗೆ ಯಾರೂ ಆ ಮುದಿ ಕಾರಿನ ಪೆಡಲನ್ನು ಪೂರ್ತಿ ಒತ್ತುವುದಿಲ್ಲ. ಇಳಿಯುವಾಗ ಒತ್ತುವ ಅಗತ್ಯವೇ ಇಲ್ಲ. ಒತ್ತುವುದು ಅರಬೈಲ್ ಏರಿನಲ್ಲಿ.

ಆನಂದ ಹೇಳಿದ್ದು ಅಕ್ಷರಶಃ ನಿಜ.

ಆಗಲೇ ಕುತ್ತಿಗೆಯ ಮೇಲೆ ಆ ಕೈ ಬಿದ್ದದ್ದು. ನಂದನ ಶಿರಸಿಗೆ ಹೋಗಿರಲಿಲ್ಲ. ಶೆಡ್ಡಿನ ಹಿಂದಿನ ಮನೆಯಲ್ಲೇ ಉಂಡು ಮಲಗಿದ್ದ. ರಾಘುವಿನ ಫೋನು ಅವನನ್ನು ಎಬ್ಬಿಸಿತ್ತು.

ಸರಿ, ಈಗ ತಲೆಯ ಬಳಿಗೆ ವಾಪಸು ಬನ್ನಿ.

ಅವನು ಒತ್ತಿದ. ಮುಳುಗಿದೆ. ಕಣ್ಣು, ಕಿವಿ, ಮೂಗು ಎಲ್ಲ ಒಗರು. ಕಾರ್ಬ್ಯುರೇಟರನ್ನು ಹೊಟ್ಟೆಗೆ ಅವುಚಿಕೊಂಡಿದ್ದೆ. ಮೇಲೆತ್ತಿದ. ಅದನ್ನು ಕೊಡು ಎಂದ. ಮತ್ತೆ ಮುಳುಗಿಸಿದ. ಇಂಜಿನ್ನಿಗೆ ಪೆಟ್ರೋಲು ಉಕ್ಕಿದರೆ ಹೇಗಿರುತ್ತದೆ ಅಂತ ಇಷ್ಟು ವರ್ಷ ಬಾಯಲ್ಲಿ ಮಾಡಿ ತೋರಿಸುತ್ತಿದ್ದೆನಲ್ಲ… ಆವತ್ತು ಅನುಭವಿಸಿದೆ.

ಮೂರನೇ ಸಲ ಎತ್ತಿದಾಗ ಬಾಯಿ ಡ್ರಮ್ಮಿನೊಳಗೇ ಇತ್ತು. ಉಸಿರು ಒಂದೇ ಒಂದು ಉಳಿದಿತ್ತು. ಅದನ್ನು ಸತ್ತವರಿಗೆ ಕೊಟ್ಟೆ.

ಗಂಟಲು ಕೆರೆದೆ. "ಹ್ಞೂಂ… ಅದೆಂತು ಅಂದ್ರೆ… ತಮಾ… ಪೆಡಲ್ ವಾಪಸ್ ಬತ್ತಿಲ್ಲೆ ತಮಾ…"

ಡ್ರಮ್ಮಿನ ಖಾಲಿ ಅರ್ಧ ಆ ದನಿಯನ್ನು ತಿರುಗಿಸಿ ದೊಡ್ಡದು ಮಾಡಿ ಮೇಲಕ್ಕೆ ಎಸೆಯಿತು.

ಕೈ ಸಡಿಲವಾಯಿತು.

"ಅಣ್ಣಾ…" ಎಂದಿತು ನನ್ನ ಹಿಂದಿನಿಂದ ಒಂದು ದನಿ. ಬೆಣ್ಣೆಯೆಲ್ಲ ಕರಗಿ ಹೋಗಿತ್ತು. "ಆನಲ್ಲ ಅಣ್ಣಾ. ಹನಿ ಇಟ್ಟದ್ದು ರಾಘು. ಆನು ಬರೀ ಹೇಳಿದ್ದು…"

ತಿರುಗಿ ಮೊಣಕೈಯಿಂದ ಅವನ ಹೊಟ್ಟೆಗೆ ಕೊಟ್ಟೆ. ಹುಳದ ಅಡಿಕೆಯ ರಾಶಿಯ ಮೇಲೆ ಬೆನ್ನಡಿಯಾಗಿ ಬಿದ್ದ, ಹಿಟ್ಟು ಎದ್ದಿತು. ಕಾರ್ಬ್ಯುರೇಟರನ್ನು ಅವುಚಿಕೊಂಡೇ ಫೋನು ಎತ್ತಿಕೊಂಡು ಓಡಿದೆ.

ನನ್ನ ಕಾರು ಕೂಡ ಮುದಿಯೇ. ಉರಿಬಿಸಿಲಲ್ಲಿ ನಿಂತಿತ್ತು. ಎದ್ದಿತು, ಸಿದ್ದಾಪುರದ ಕಡೆ ಹಾರಿತು. ಕನ್ನಡಿಯಲ್ಲಿ ನಂದನನ ಬಿಳೀ ಜೀಪು. ಹತ್ತಿರ… ಇನ್ನೂ ಹತ್ತಿರ… ಬಂಪರಿಗೆ ಬಂಪರು ಕುಟ್ಟಿತು. ಅಡ್ಡದಾರಿಗೆ ತಿರುಗಿಸಿ, ಗದ್ದೆಯಂಚಿನ ಮಣ್ಣಿನ ಏರು ಹತ್ತಿಸಿದೆ. ಧೂಳಿನಲ್ಲಿ ಅವನು ಮುಂದೆ ಹೋಗಿಬಿಟ್ಟ.

ಏರಿನ ನೆತ್ತಿಯಲ್ಲಿ ನನ್ನ ಕಾರು 'ಗುಡುಗುಡು… ಫಟ್' ಅಂದಿತು. ನಿಂತಿತು.

ಪೆಟ್ರೋಲಿತ್ತು. ಕರೆಂಟಿತ್ತು. ಬಾನೆಟ್ ಎತ್ತಿದರೆ ಒಲೆಯ ಝಳ. ಕಾವಿಗೆ ಪೆಟ್ರೋಲು ಪಂಪಿನೊಳಗೇ ಕುದಿದು ಆವಿಯಾಗಿತ್ತು. ಪಂಪು ಪೆಟ್ರೋಲು ಎತ್ತುತ್ತದೆ, ಗಾಳಿ ಎತ್ತುವುದಿಲ್ಲ. ಇದಕ್ಕೆ ಔಷಧ ಒಂದೇ, ತಣ್ಣೀರು ಬಟ್ಟೆ. ನೀರಿರಲಿಲ್ಲ. ಕೆಳಗೆ ಜೀಪು ಹಿಂದಕ್ಕೆ ತಿರುಗುವ ಸದ್ದು.

ಮೈಮೇಲಿನ ಅಂಗಿ ತೊಟ್ಟಿಕ್ಕುತ್ತಿತ್ತು. ಬಿಚ್ಚಿ ಪಂಪಿಗೆ ಸುತ್ತಿದೆ. ಚುಸ್ ಅಂತ ಕೆಂಪು ಹಬೆ ಎದ್ದಿತು. ಆ ವಾಸನೆಗೆ ಈ ಸಲ ಬನ್ಸು ನನ್ನ ಮಾತು ಕೇಳಲಿಲ್ಲ, ಹೊರಗೇ ಬಂತು. ಬಾಯಿ ಒರೆಸಿಕೊಂಡು ಸೆಲ್ಫ್ ಹೊಡೆದೆ. ಒಮ್ಮೆ. ಇನ್ನೊಮ್ಮೆ. ಜೀಪಿನ ಮೂತಿ ಏರಿನಲ್ಲಿ ಕಂಡಿತು. ಮತ್ತೊಮ್ಮೆ… ಇಂಜಿನ್ನು ಕೆಮ್ಮಿ, ಉಗುಳಿ, ಎದ್ದಿತು!

ಟಾರು ರಸ್ತೆಗೆ ಇಳಿದಾಗ ಎದುರಿಗೆ ಪೊಲೀಸ್ ಗಾಡಿ. ಪಕ್ಕದ ಸೀಟಿನಲ್ಲಿ ತನುಜಾ. ನಾನು ಬ್ರೇಕು ಒತ್ತಿದೆ. ಹಿಂದಿನವನೂ ಒತ್ತಿದ. ಅವನ ಗಾಡಿಯ ಪೆಡಲುಗಳು ಚೆನ್ನಾಗಿ ಕೆಲಸ ಮಾಡುತ್ತಿದ್ದವು.

ರಸ್ತೆಯಲ್ಲೇ ವಿಡಿಯೋ ನೋಡಿದರು. 'ಆನು ಬರೀ ಹೇಳಿದ್ದು' ಎಂಬಲ್ಲಿ ಸಬ್ ಇನ್‌ಸ್ಪೆಕ್ಟರು ನಿಲ್ಲಿಸಿ ಮತ್ತೆ ಹಾಕಿದರು. ಯಲ್ಲಾಪುರಕ್ಕೆ ಫೋನು ಹೋಯಿತು, ರಾಘುವನ್ನು ಹಿಡಿಯಿರಿ ಅಂತ. ತನುಜಾ ಶಿವರಂಜನಿಗೆ ಫೋನು ಹಚ್ಚಿ ನನ್ನ ಕಿವಿಗೆ ಹಿಡಿದಳು, ನನ್ನ ಕೈ ಮುಟ್ಟಲು ಅವಳಿಗೆ ಅಸಹ್ಯ.

"ನಿಮ್ಮಣ್ಣ ಕಾಲು ತೆಗೆದಿದ್ದ," ಎಂದೆ. "ಗಾಡಿಯೇ ಕೇಳಲಿಲ್ಲ. ಸಾಕ್ಷಿ ಸಿಕ್ಕಿತು."

ಆ ಕಡೆ ಮೂಗು ಒರೆಸಿಕೊಂಡ ಸದ್ದು. "ನಾ ಮೊದಲನ ಹೇಳಿದ್ನಲ್ರೀ," ಎಂದಳು.

ನಂದನ ಜೀಪಿನಿಂದ ಇಳಿದು ಅಂಗಿಯ ಹಿಟ್ಟು ಕೊಡವಿಕೊಂಡ. ಇಸ್ತ್ರಿ ಮುರಿದಿರಲಿಲ್ಲ. ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿ, ಉಂಗುರ ಸರಿಮಾಡಿ, ಸಭೆಯಲ್ಲಿ ನಿಂತವನ ಹಾಗೆ ನಿಂತ. ಹಾಲಿನಂಥ ಬೆಳ್ಳನೆಯ ಕೈಗಳು. ನಾನು ಬರಿಮೈಯಲ್ಲಿ, ನೆತ್ತಿಯಿಂದ ಉಗುರಿನವರೆಗೆ ರಕ್ತಗೆಂಪಾಗಿ, ನಾರುತ್ತ ನಿಂತಿದ್ದೆ. ಆ ಬಣ್ಣ ಸೋಪಿಗೂ ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ.

ಕೊಲೆಗಾರನಿಗೆ ಬೇಡಿ ಹಾಕು ಎಂದರು ಸಬ್ ಇನ್‌ಸ್ಪೆಕ್ಟರು. ಅಷ್ಟು ಹೊತ್ತೂ ಗಾಡಿಯೊಳಗೇ ಇದ್ದ, ಹೊಸದಾಗಿ ಕೆಲಸಕ್ಕೆ ಸೇರಿದ ಕಾನ್‌ಸ್ಟೇಬಲ್ ಬೇಡಿ ಹಿಡಿದು ಇಳಿದ. ನಂದನನ ಕೈ ನೋಡಿದ. ನನ್ನ ಕೈ ನೋಡಿದ.

ಸೀದಾ ಬಂದು ನನಗೇ ಹಾಕಿದ.